ಇಂಟರ್‌ವಲ್ ಹೊತ್ತಿಗೆ ಕೇಸರಿಬಾತ್

"ಸ್ವಲ್ಪ ಇದನ್ನ ಹಿಡ್ಕೊಳ್ರೀ..."

ತನುಜಾ ತಲೆ ಎತ್ತುವಷ್ಟರಲ್ಲಿ ಟಿಫಿನ್ ಕ್ಯಾರಿಯರ್ ಅವಳ ಮಡಿಲಿಗೆ ಬಂದಾಗಿತ್ತು! ಭದ್ರಾವತಿಯಲ್ಲಿ ಹತ್ತಿದ ಆ ಉದ್ದನೆಯ ಹುಡುಗ ಬಸ್ಸಿನ ಕಂಬಿ ಹಿಡಿದು ನಿಂತಿದ್ದ. ಶಂಕರಘಟ್ಟ ಬಂದಾಗ ಕ್ಯಾರಿಯರ್ ಮರೆತು ಇಳಿದೇ ಹೋದ.

"ಹಲೋ... ನಿಮ್ಮ ಊಟ!" ಎಂದು ಅವಳು ಕ್ಯಾಂಪಸ್ ಗೇಟಿನವರೆಗೂ ಓಡಿದ್ದಳು.

ವಿಜಯಕುಮಾರ್ ಪರಿಚಯವಾದದ್ದು ಹೀಗೆ. ಅವನಿಗೆ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕೆಲಸ, ಅವಳಿಗೆ ಅಲ್ಲೇ ಎಂ.ಕಾಂ. ವರ್ಷವಿಡೀ ಒಂದೇ ಬಸ್ಸಿನಲ್ಲಿ ಎಲ್ಲವನ್ನೂ ಮಾತಾಡಿದರು, ಆಡಬೇಕಾದ ಒಂದು ಮಾತನ್ನು ಬಿಟ್ಟು!

ಆ ಮಾತಿಗೆ ಈಗ ಉಳಿದದ್ದು ಈ ಭಾನುವಾರದ ಸಂಜೆ ಮಾತ್ರ.

"ಸೋಮವಾರ ದಾವಣಗೆರೆಯವರು ನಿನ್ನ ನೋಡೋಕೆ ಬರ್ತಾರೆ. ಮನಸ್ಸಲ್ಲಿ ಯಾರಾದ್ರೂ ಇದ್ರೆ ಅದಕ್ಕೆ ಮುಂಚೆ ಹೇಳಿಬಿಡು. ಆಮೇಲೆ ನಾನು ಮಾತು ಕೊಟ್ಟುಬಿಡ್ತೀನಿ," ಎಂದು ಅಪ್ಪ ಷಣ್ಮುಖಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಏನಂತ ಹೇಳುವುದು? ಅವನ ಮನಸ್ಸೇ ಗೊತ್ತಿಲ್ಲವಲ್ಲ!

ಅದಕ್ಕೇ ಅವನನ್ನೂ ಗೆಳತಿ ಸಮತಾಳನ್ನೂ ಗೋಪಾಳದ ತನ್ನ ಮನೆಗೆ ಸಿನಿಮಾ ನೋಡಲು ಕರೆದಿದ್ದಳು. "ನಂಗೆ ಸಿನಿಮಾಕ್ಕಿಂತ ಇಂಟರ್‌ವಲ್ಲೇ ಇಷ್ಟ," ಎಂದು ಅವನು ಒಮ್ಮೆ ಅಂದಿದ್ದ. ಹಾಗಾಗಿ ತಿಂಡಿಯೆಲ್ಲ ಟಾಕೀಸಿನ ಇಂಟರ್‌ವಲ್ಲಿನದೇ! ಪೇಪರ್ ಪೊಟ್ಟಣದಲ್ಲಿ ಖಾರ ಮಂಡಕ್ಕಿ, ಬೇಯಿಸಿದ ಕಡಲೆಕಾಯಿ, ಬೇಕರಿಯ ಬೆಣ್ಣೆ ಬಿಸ್ಕತ್ತು, ನಿಂಬೆ ಸೋಡಾ. ಹೆಚ್ಚು ಕೆಲಸವಿಲ್ಲ. ಮಂಡಕ್ಕಿಗೆ ಈರುಳ್ಳಿ ಮಾತ್ರ ಕೊನೇ ಗಳಿಗೆಯಲ್ಲಿ ಬೆರೆಸಬೇಕು, ಮೆತ್ತಗಾದರೆ ಮಾನ ಹೋದಂತೆಯೇ!

"ಅಮ್ಮಾ, ಕೇಸರಿಬಾತ್ ಉಪ್ಪಿಟ್ಟು ಮಾತ್ರ ಬೇಡ."

ಕೇಸರಿಬಾತ್ ಪಾಪ ಏನು ಮಾಡಿತ್ತು ಹೇಳಿ! ಆದರೆ ಹೆಣ್ಣು ನೋಡಲು ಬಂದವರ ಮುಂದೆ ಅದೇ ತಟ್ಟೆ ಹಿಡಿದು ಹಿಡಿದು ಅವಳಿಗೆ ಸಾಕಾಗಿತ್ತು. ಕಳೆದ ಸಲದವರಂತೂ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದು, "ತಿಳಿಸ್ತೀವಿ" ಎಂದು ಹೋದವರು ಇನ್ನೂ ತಿಳಿಸಿಲ್ಲ.

ಅಮ್ಮ ವೀರಮ್ಮ ಆಯ್ತು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

ವಿಜಯ್ ವಿಸಿಡಿ ಪ್ಲೇಯರ್ ಹೊತ್ತು ಬಂದ. ಸಿನಿಮಾ ಶುರುವಾಯಿತು. ತೆರೆಯ ಮೇಲೆ ಯಾರು ಯಾರನ್ನು ಹೊಡೆದರೋ, ತನುಜಾಗೆ ಒಂದೂ ತಲೆಗೆ ಹತ್ತಲಿಲ್ಲ.

"ಇಂಟರ್‌ವಲ್!" ಸಮತಾ ಪ್ಲೇಯರ್ ನಿಲ್ಲಿಸಿದಳು.

ಪೊಟ್ಟಣ ಕೈಗೆ ಬಂದದ್ದೇ ವಿಜಯ್ ಕಣ್ಣರಳಿಸಿದ. "ನಾನು ಯಾವಾಗಲೋ ಹೇಳಿದ್ದು... ನೆನಪಿಟ್ಕೊಂಡಿದೀರಾ?"

‘ಹೇಳು... ಈಗಲಾದರೂ ಹೇಳು!’ ಅವಳು ಮನಸ್ಸಲ್ಲೇ ಅಂದುಕೊಂಡಳು.

"ತನುಜಾ, ನಾನು ನಿಮಗೆ ಒಂದು..."

ಅಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದ ಘಮ! ಹಿಂದೆಯೇ ವೀರಮ್ಮ ಬಂದರು. ಕೈಯಲ್ಲಿ ಕೇಸರಿಬಾತ್, ಉಪ್ಪಿಟ್ಟಿನ ತಟ್ಟೆಗಳು. ಮೈಮೇಲೆ ರೇಷ್ಮೆ ಸೀರೆ. ಅಪ್ಪನೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಕುಳಿತರು.

ವಿಜಯ್ ತಟ್ಟೆ ನೋಡಿದ, ಸೀರೆ ನೋಡಿದ, ಶರ್ಟು ನೋಡಿದ. ಅವನ ಮುಖದ ಕಳೆಯೇ ಇಳಿದುಹೋಯಿತು. ಪೊಟ್ಟಣವನ್ನು ಟೀಪಾಯಿಯ ಮೇಲಿಟ್ಟು ಎದ್ದ.

"ನಿಮ್ಮನ್ನ ನೋಡೋಕೆ ಬರ್ತಿದಾರೆ ಅನ್ಸುತ್ತೆ... ನಾನಿಲ್ಲಿ ಇರೋದು ಸರಿಯಲ್ಲ. ಬರ್ತೀನಿ."

"ಪಿಕ್ಚರ್ ಇನ್ನೂ ಅರ್ಧ ಇದೆ!" ಎಂದಳು ತನುಜಾ.

"ನೀವು ನೋಡಿ. ಪ್ಲೇಯರ್ ನಾಳೆ ಬಸ್ಸಲ್ಲಿ..." ಅವನ ಮಾತು ತಡವರಿಸಿತು. "ನಾಳೆಯಿಂದ ಬಸ್ಸಿಗೆ ಬರ್ತೀರೋ ಇಲ್ವೋ."

ತನುಜಾ ಅಮ್ಮನ ರೇಷ್ಮೆ ಸೀರೆಯತ್ತ ತಿರುಗಿದಳು. ದಾವಣಗೆರೆಯವರು ಇವತ್ತೇ ಬರ್ತಿದ್ದಾರಾ? ನನಗೊಂದು ಮಾತೂ ಹೇಳದೆ? ಇವನಾದರೂ ಇಷ್ಟು ಸುಲಭವಾಗಿ ಹೊರಟೇಬಿಟ್ಟನಲ್ಲ...

ಅವನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ.

"ಅಮ್ಮಾ! ಯಾರು ಬರ್ತಿದಾರೆ? ಬೇಡ ಅಂದ್ರೂ ಯಾಕೆ ಮಾಡ್ದೆ?" ಅವಳ ದನಿ ಒಡೆಯಿತು.

"ಯಾರು ಬರ್ತಾರೆ ಮಾರಾಯ್ತಿ? ಬರೋರು ಬಂದಾಗಿದೆಯಲ್ಲ!" ವೀರಮ್ಮ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದರು. "ಬೆಳಿಗ್ಗೆಯಿಂದ ಆ ಪೊಟ್ಟಣ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ನಂಗೇನು ಕಣ್ಣಿಲ್ವಾ? ನೀನು ಬಾಯಿ ಬಿಡಲ್ಲ ಅಂತ ನಾನೇ ಬಾಣಲೆ ಇಟ್ಟೆ."

ವಿಜಯ್ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಟ್ಟ.

ಷಣ್ಮುಖಪ್ಪ ಕೆಮ್ಮಿದರು. "ಹುಡುಗ ಒಳಗೆ ಬಂದು ಕೂತರೆ ಮಾತಾಡಬಹುದು."

ಸಮತಾ ಜಾಣೆ. "ಅಂಕಲ್, ಆಂಟಿ, ಸೋಡಾ ಬಾಟಲಿ ಎಲ್ಲಿದೆ ತೋರ್ಸಿ ಬನ್ನಿ," ಎಂದು ಇಬ್ಬರನ್ನೂ ಒಳಗೆ ಸಾಗಿಸಿದಳು.

"ತನುಜಾ..." ವಿಜಯ್ ಹತ್ತಿರ ಬಂದ. "ಮೊದಲ್ನೇ ದಿನ ಕ್ಯಾರಿಯರ್ ಮರೆತಿದ್ದು ನಿಜ. ಆಮೇಲೆ ಸೀಟು ಖಾಲಿ ಇದ್ರೂ ದಿನಾ ನಿಂತ್ಕೊಂಡೇ ಬಂದೆ. ಕೂತ್ರೆ ಕ್ಯಾರಿಯರ್ ನಿಮ್ಮ ಕೈಗೆ ಕೊಡೋಕಾಗಲ್ವಲ್ಲ!"

ಅವಳ ಕಣ್ಣು ತುಂಬಿತು.

"ನಂಗೆ ಒಪ್ಪಿಗೆ. ‘ತಿಳಿಸ್ತೀವಿ’ ಅಂತೆಲ್ಲ ಇಲ್ಲ," ಎಂದ ವಿಜಯ್.

"ತಟ್ಟೆ ಮುಂದೆ ಕೂತೋರೆಲ್ಲ ಅವರ ಒಪ್ಪಿಗೆ ಮಾತೇ ಆಡ್ತಾರೆ," ತನುಜಾ ಮೆಲ್ಲಗೆ ಅಂದಳು. "ನನ್ನನ್ನ ಇಲ್ಲೀವರೆಗೂ ಒಬ್ಬರೂ ಕೇಳಿಲ್ಲ."

ಅವನು ಕಾಲಲ್ಲೇ ಉಳಿದಿದ್ದ ಒಂಟಿ ಚಪ್ಪಲಿಯನ್ನು ಕಳಚಿದ.

"ನಾನು ಕೇಳ್ತೀನಿ. ನಿಮಗೆ... ನಿನಗೆ ಒಪ್ಪಿಗೆನಾ?"

ತನುಜಾ ತಟ್ಟೆ ಅವನ ಕೈಗಿಟ್ಟು, ಅದಕ್ಕೆ ಇನ್ನೊಂದು ಚಮಚ ಕೇಸರಿಬಾತ್ ಹಾಕಿದಳು.

"ಇದು ಹೂಂ ಅಂತಾನಾ?"

"ಉಳಿದರ್ಧ ಪಿಕ್ಚರ್ ನೋಡಿ ತಿಳಿಸ್ತೀನಿ."

"ತನೂ...!"

"ಹೂಂ ಮಾರಾಯ, ಹೂಂ! ತಿನ್ನು, ಆರಿಹೋಗುತ್ತೆ..."