ನಲವತ್ತೆರಡನೇ ಫಾರಂ

ಟೇಬಲ್ಲು ಅರ್ಧದಷ್ಟು ಯಂತ್ರದೊಳಗೆ ಹೋಗಿತ್ತು. ಅಷ್ಟರಲ್ಲಿ ಅದರ ಮೇಲೆ ಮಲಗಿದ್ದ ಹೆಂಗಸು ಚೀರಿದಳು.

ಎಂಆರ್‌ಐ ಟೆಕ್ನಿಷಿಯನ್ ಓಡಿಬಂದು ಟೇಬಲ್ಲನ್ನು ಹೊರಗೆಳೆದ. ಆಕೆ ಎರಡೂ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಿದ್ದಳು. ಕೈ ಬಿಡಿಸಿ ನೋಡಿದರೆ ಕಣ್ಣಿನೊಳಗೆ ರಕ್ತ. ಬೆಳಕು ಕಾಣುತ್ತಾ ಅಂತ ಕೇಳಿದ. ಇಲ್ಲ ಅಂದಳು.

ತಲೆನೋವಿನ ಕಾರಣ ಹುಡುಕಲು ಬಂದವಳು ಕಣ್ಣು ಕಳೆದುಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಆಕೆ ಆಪರೇಷನ್ ಥಿಯೇಟರಿನಲ್ಲಿದ್ದಳು, ಗಂಡ ಪೊಲೀಸ್ ಠಾಣೆಯಲ್ಲಿದ್ದ. ಅವನದು ಗೇಟು, ಕಿಟಕಿ ಕಂಬಿ ಮಾಡುವ ವರ್ಕ್‌ಶಾಪ್. ದೂರು ಕೊಟ್ಟಿದ್ದು ನಾದಿನಿಯ ಮೇಲೆ. ಬ್ಯೂಟಿ ಪಾರ್ಲರ್ ನಡೆಸುವ ಅವಳು ಮೂರು ತಿಂಗಳ ಹಿಂದೆ ಅಕ್ಕನ ರೆಪ್ಪೆಯಂಚಿಗೆ ಅಳಿಸದ ಕಾಡಿಗೆಯಂತೆ ಟ್ಯಾಟೂ ಹಾಕಿದ್ದಳು. ಆ ಬಣ್ಣದಲ್ಲಿ ಕಬ್ಬಿಣ ಇರುತ್ತದೆ, ಅದೇ ಯಂತ್ರದೊಳಗೆ ಕಾದು ಕಣ್ಣು ಸುಟ್ಟಿತು ಎಂದು ಅವನ ವಾದ.

ಇನ್ಸ್‌ಪೆಕ್ಟರ್ ಮೇಡಂ ದೂರನ್ನು ಎರಡು ಸಲ ಓದಿದರು. ಠಾಣೆಯವರು ಬೆನ್ನ ಹಿಂದೆ ಅವರನ್ನು ‘ಜರಡಿ’ ಅನ್ನುತ್ತಿದ್ದರು. ಯಾರ ಮಾತನ್ನೂ ಸೋಸದೆ ಬಿಡುವವರಲ್ಲ.

\*

ಪಾರ್ಲರಿನ ಬಾಗಿಲು ತಟ್ಟುವ ಮೊದಲೇ ತೆರೆಯಿತು.

“ನಾನೇ ಮಾಡಿದ್ದು. ಕರ್ಕೊಂಡು ಹೋಗಿ,” ಅಂದಳು ತಂಗಿ.

ಅಕ್ಕನಿಗೆ ಟ್ಯಾಟೂ ಇಷ್ಟವಿರಲಿಲ್ಲವಂತೆ. ದಿನಾ ಕಾಡಿಗೆ ತೀಡುವ ಕೆಲಸ ತಪ್ಪುತ್ತೆ ಅಂತ ಇವಳೇ ದುಂಬಾಲು ಬಿದ್ದು ಒಪ್ಪಿಸಿ ಹಾಕಿದ್ದಳು. ಹೇಳುತ್ತಾ ಹೇಳುತ್ತಾ ಬಣ್ಣದ ಬಾಟಲಿ ತಂದು ಮೇಜಿನ ಮೇಲಿಟ್ಟಳು. ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ಐರನ್ ಆಕ್ಸೈಡ್ ಅಂತ ಇತ್ತು.

ಇನ್ಸ್‌ಪೆಕ್ಟರ್ ಬಾಟಲಿ ವಶಕ್ಕೆ ತೆಗೆದುಕೊಂಡು ಅಂಗಡಿಗೆ ಬೀಗ ಹಾಕಿಸಿದರು. ಎದುರಿನ ಹೊಲಿಗೆ ಅಂಗಡಿಯವರು ಕೆಲಸ ಬಿಟ್ಟು ನೋಡುತ್ತಾ ನಿಂತರು.

\*

ಆಸ್ಪತ್ರೆಯಲ್ಲಿ ಟೆಕ್ನಿಷಿಯನ್‌ದೂ ಅದೇ ರಾಗ. ತಪ್ಪು ತನ್ನದೇ ಅಂದ. ಉಂಗುರ, ಸರ, ಓಲೆ, ನಾಲ್ಕು ಹೇರ್‌ಪಿನ್ನು, ಎಲ್ಲ ತೆಗೆಸಿ ಟ್ರೇಯಲ್ಲಿಟ್ಟಿದ್ದ. ಟ್ಯಾಟೂ ವಿಷಯವೂ ಗೊತ್ತಿತ್ತು, ಉರಿಯದಿರಲಿ ಅಂತ ರೆಪ್ಪೆ ಮೇಲೆ ಒದ್ದೆ ಬಟ್ಟೆ ಹಾಕಿದ್ದ. ಆದರೆ ಆಮೇಲೆ ನೋಡಿದರೆ ಯಂತ್ರದ ಬಾಯಿಗೆ ಐದನೇ ಪಿನ್ನೊಂದು ಅಂಟಿಕೊಂಡಿತ್ತು. ಅದೇ ಹಾರಿ ಕಣ್ಣಿಗೆ ಚುಚ್ಚಿರಬೇಕು ಅಂತ ಅವನ ಲೆಕ್ಕ.

“ಸ್ಕ್ಯಾನ್ ಶುರುವಾಗಿ ಎಷ್ಟು ಹೊತ್ತಿಗೆ ಕಿರುಚಿದ್ರು?”

“ಶುರುನೇ ಮಾಡಿರ್ಲಿಲ್ಲ, ಮೇಡಂ. ಒಳಗೆ ಕಳಿಸ್ತಾ ಇದ್ದೆ ಅಷ್ಟೆ.”

“ಅಂದ್ರೆ ಯಂತ್ರ ಆಫ್ ಇತ್ತು?”

ಅವನು ಇಲ್ಲವೆಂದು ತಲೆಯಾಡಿಸಿದ. ಅದರೊಳಗಿನ ಅಯಸ್ಕಾಂತವನ್ನು ಆಫ್ ಮಾಡುವುದೇ ಇಲ್ಲವಂತೆ, ಇಪ್ಪತ್ನಾಲ್ಕು ಗಂಟೆಯೂ ಎಳೆಯುತ್ತಲೇ ಇರುತ್ತದೆ. ಬಿಸಿ ಹುಟ್ಟುವುದು ಮಾತ್ರ ಸ್ಕ್ಯಾನ್ ಶುರುವಾದ ಮೇಲೆ.

ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡರು.

ಸಂಜೆ ಕಣ್ಣಿನ ಡಾಕ್ಟರ್ ಥಿಯೇಟರಿನಿಂದ ಹೊರಬಂದು ಪುಟ್ಟ ಡಬ್ಬಿ ತೋರಿಸಿದರು. ಒಳಗೆ ಎಳ್ಳಿಗಿಂತ ಸಣ್ಣ ಕಬ್ಬಿಣದ ಚೂರು. ಕಣ್ಣಿನ ಆಳದಿಂದ ತೆಗೆದದ್ದು. ರೆಪ್ಪೆಗಳ ಮೇಲೆ ಸುಟ್ಟ ಗುರುತೇ ಇರಲಿಲ್ಲ. ಅದೇ ಬಣ್ಣದ ಟ್ಯಾಟೂ ಇದ್ದ ಎಡಗಣ್ಣು ಸರಿಯಾಗೇ ಇತ್ತು. ಹೊರಗಿನಿಂದ ಪಿನ್ನು ಚುಚ್ಚಿದ ಹೊಸ ಗಾಯವೂ ಇಲ್ಲ, ಇದ್ದದ್ದು ಒಂದೇ ಒಂದು ಹಳೇ ಕಲೆ. ಚೂರು ಒಳಹೊಕ್ಕು ಎರಡು ವರ್ಷವಾದರೂ ಆಗಿರಬೇಕು. ಇಷ್ಟು ದಿನ ತಣ್ಣಗಿತ್ತು. ಇವತ್ತು ಅಯಸ್ಕಾಂತ ಎಳೆದಾಗ ಹೊರಳಿ ಒಳಗಿನ ಪರದೆ ಹರಿದುಹಾಕಿದೆ.

“ದೃಷ್ಟಿ?” ಕೇಳಿದರು ಇನ್ಸ್‌ಪೆಕ್ಟರ್.

“ಇನ್ನು ಬರಲ್ಲ,” ಅಂದು ಡಾಕ್ಟರ್ ಡಬ್ಬಿಯ ಮುಚ್ಚಳ ಹಾಕಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕಾಯಿ ಕದಿಯದವರೆಲ್ಲ ಹೆಗಲು ಮುಟ್ಟಿಕೊಳ್ಳುತ್ತಿದ್ದರು. ಮುಟ್ಟಿಕೊಳ್ಳದೆ ನಿಂತಿದ್ದವನು ಒಬ್ಬನೇ.

\*

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ವರ್ಕ್‌ಶಾಪಿಗೆ ಹೋದರು. ಕಬ್ಬಿಣ ಉಜ್ಜುವ ಯಂತ್ರ ಎರಡಿದ್ದವು. ಒಂದು ಗಂಡನ ಎತ್ತರಕ್ಕೆ ತಕ್ಕಂತೆ. ಇನ್ನೊಂದು ಗೇಣುದ್ದ ತಗ್ಗಿನಲ್ಲಿ, ಅದರ ಪಕ್ಕದ ಮೊಳೆಗೆ ಹೆಂಗಸರ ಅಳತೆಯ ಕೈಗವಸು. ಆ ಯಂತ್ರದ ಚಕ್ರಕ್ಕೆ ಮಾತ್ರ ಕಿಡಿ ತಡೆಯುವ ಕವಚ ಇರಲಿಲ್ಲ.

ಇದರ ಮೇಲೆ ಯಾರು ಕೆಲಸ ಮಾಡ್ತಿದ್ದರು ಅಂತ ಕೇಳಿದರು. ಬಿಟ್ಟುಹೋದ ಒಬ್ಬ ಕೆಲಸಗಾರ ಅಂದ ಗಂಡ. ಹೆಂಡತಿ? ಅವಳು ಟೀ ತಂದುಕೊಡಲು ಬರುತ್ತಿದ್ದಳು ಅಷ್ಟೆ.

ಗೋಡೆಯ ಮೇಲೆ ಹಳದಿಗಟ್ಟಿದ ನೋಟಿಸು. ಕವಚ ಹಾಕಿಸದೆ ಇನ್ನೊಬ್ಬರಿಗೆ ಗಾಯವಾದರೆ ವರ್ಕ್‌ಶಾಪ್ ಮುಚ್ಚಿಸಲಾಗುವುದು ಅಂತ. ತಾರೀಕು ಎರಡೂವರೆ ವರ್ಷದ ಹಿಂದಿನದು.

ಅಲ್ಲಿಂದ ನೇರ ಸ್ಕ್ಯಾನಿಂಗ್ ಕೌಂಟರಿಗೆ. ಆಕೆಯ ಫಾರಂ ತೆಗೆಸಿದರು. ಟ್ಯಾಟೂ ಇದೆಯೇ ಅನ್ನುವಲ್ಲಿ ಹೌದು. ಕಣ್ಣಿಗೆ ಎಂದಾದರೂ ಲೋಹದ ಚೂರು ಬಿದ್ದಿದೆಯೇ ಅನ್ನುವಲ್ಲಿ ಇಲ್ಲ. ಕೆಳಗೆ ಗಂಡನ ಸಹಿ. ಮೂಲೆಯಲ್ಲಿ ಅಚ್ಚಾದ ಸಂಖ್ಯೆ ನಲವತ್ಮೂರು. ಹಿಂದಿನ ರೋಗಿಯದು ನಲವತ್ತೊಂದು.

ನಡುವಿನದು ಎಲ್ಲಿ ಅಂತ ಕೇಳಿದಾಗ ಕೌಂಟರಿನವಳು ಸ್ವಲ್ಪ ಯೋಚಿಸಿದಳು. ನೆನಪಾಯಿತು. ಆಕೆ ತುಂಬಿದ್ದ ಫಾರಂ ಮೇಲೆ ನೀರು ಚೆಲ್ಲಿತು ಅಂತ ಗಂಡ ಇನ್ನೊಂದು ಇಸಿದುಕೊಂಡು ಹೋಗಿದ್ದ.

\*

ಆಸ್ಪತ್ರೆಯ ಸಣ್ಣ ಕೋಣೆಯೊಂದರಲ್ಲಿ ಮೂವರನ್ನೂ ಕೂರಿಸಿದರು. ತಂಗಿ ಗೋಡೆಯ ಪಕ್ಕ, ಟೆಕ್ನಿಷಿಯನ್ ಬಾಗಿಲ ಬಳಿ, ಗಂಡ ನಡುವೆ.

ಇನ್ಸ್‌ಪೆಕ್ಟರ್ ದನಿ ಎತ್ತಲಿಲ್ಲ. ಬಿಸಿ ಹುಟ್ಟುವ ಮೊದಲೇ ಆಕೆ ಕಿರುಚಿದ್ದರು, ಹಾಗಾಗಿ ಬಣ್ಣ ಕಾಯುವ ಮಾತೇ ಇಲ್ಲ. ರೆಪ್ಪೆಗೆ ಏನೂ ಆಗಿಲ್ಲ. ಟ್ಯಾಟೂ ಇರುವವರಿಗೆ ಕೆಲವೊಮ್ಮೆ ಚುರುಗುಟ್ಟಬಹುದು, ಊದಿಕೊಳ್ಳಬಹುದು. ಈ ಕಣ್ಣು ಹೋದದ್ದು ಅದರಿಂದಲ್ಲ, ಒಳಗಿದ್ದ ಕಬ್ಬಿಣದಿಂದ. ಕಬ್ಬಿಣ ಹೊಕ್ಕಿದ್ದು ಕವಚವಿಲ್ಲದ ಆ ತಗ್ಗಿನ ಯಂತ್ರದಿಂದ. ಫಾರಂನಲ್ಲಿ ಹೌದು ಅಂತಿದ್ದರೆ ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯುತ್ತಿದ್ದರು, ಚೂರು ಸಿಗುತ್ತಿತ್ತು. ಹೇಗೆ ಬಿತ್ತು ಅಂತಲೂ ಕೇಳುತ್ತಿದ್ದರು. ಆ ಉತ್ತರ ಯಾರಿಗೆ ಬೇಡವಾಗಿತ್ತೋ ಅವರೇ ಫಾರಂ ಬದಲಾಯಿಸಿದ್ದಾರೆ.

“ನಲವತ್ತೆರಡನೇ ಫಾರಂ ಏನ್ ಮಾಡಿದ್ರಿ?”

“ಹರಿದು ಬಿಸಾಕ್ದೆ,” ಅಂದ ಗಂಡ.

ಆಮೇಲೆ ತಾನಾಗಿಯೇ ಹೇಳಿದ. ಆ ತಗ್ಗಿನ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವಳು ಹೆಂಡತಿಯೇ. ಚೂರು ಹಾರಿದ ದಿನ ಅವಳ ಕಣ್ಣಿಗೆ ಔಷಧಿ ಅಂಗಡಿಯ ಡ್ರಾಪ್ಸ್ ಹಾಕಿ ಸುಮ್ಮನಾಗಿಸಿದ್ದ. ಡಾಕ್ಟರ ಹತ್ತಿರ ಹೋದರೆ ವರ್ಕ್‌ಶಾಪಿಗೆ ಬೀಗ ಬೀಳುತ್ತಿತ್ತು. ನೋವು ನಿಂತಿತು, ಚೂರು ಬಿದ್ದುಹೋಗಿದೆ ಅಂದುಕೊಂಡ. ಕವಚ ಹಾಕಿಸುವುದು ನಾಳೆ ನಾಳೆ ಅಂತ ಹಾಗೇ ಉಳಿಯಿತು. ಅವಳ ಕೇಡು ಬಯಸಿದವನಲ್ಲ ಅಂದ. ಇರಬಹುದು, ಅಂದರು ಇನ್ಸ್‌ಪೆಕ್ಟರ್. ಆದರೆ ಅವಳು ಥಿಯೇಟರಿನಲ್ಲಿದ್ದಾಗ ಠಾಣೆಗೆ ಬಂದು ಅವಳ ತಂಗಿಯ ಹೆಸರು ಬರೆಸಿದ್ದು ಯಾರು?

“ನಾನು ಅವರನ್ನೇ ಕೇಳ್ಬೇಕಿತ್ತು,” ಅಂದ ಟೆಕ್ನಿಷಿಯನ್. “ಒಬ್ಬರನ್ನೇ ಒಳಗೆ ಕರೆದು, ಬಾಯಿಬಿಟ್ಟು ಕೇಳೋದು ನಿಯಮ. ಸಾಲು ಉದ್ದ ಇತ್ತು. ಫಾರಂ ನೋಡಿ ಬಿಟ್ಬಿಟ್ಟೆ.”

ಅದನ್ನೂ ಇನ್ಸ್‌ಪೆಕ್ಟರ್ ಬರೆದುಕೊಂಡರು. ತಂಗಿಯ ಕಡೆ ತಿರುಗಿ, ಅಂಗಡಿಯ ಬೀಗ ಇವತ್ತೇ ತೆಗೆಸುತ್ತೇನೆ, ಹಾಕಿಸುವಲ್ಲಿ ಅವಸರಪಟ್ಟೆ ಅಂದರು. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಭಾವನ ಮುಖವನ್ನೇ ನೋಡುತ್ತಿದ್ದಳು.

\*

ಹೇಳಿಕೆ ಕೊಡಬಹುದು ಅಂತ ಡಾಕ್ಟರ್ ಹೇಳಿದ ಮೇಲೆ ಇನ್ಸ್‌ಪೆಕ್ಟರ್ ವಾರ್ಡಿಗೆ ಹೋದರು. ಆಕೆಯ ಬಲಗಣ್ಣಿಗೆ ಪಟ್ಟಿ. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಹೇಳಿದಳು, “ನಾನು ಹೌದು ಅಂತಾನೇ ಬರೆದಿದ್ದೆ. ಡಾಕ್ಟರಿಗೆ ಹೇಳಿ ಬರ್ತೀನಿ ಅಂತ ಇವ್ರು ಕಾಗದ ಇಸ್ಕೊಂಡು ಹೋದ್ರು. ಪರವಾಗಿಲ್ಲವಂತೆ ಅಂದ್ರು.”

ಇನ್ಸ್‌ಪೆಕ್ಟರ್ ಬರೆದುಕೊಂಡು ಪೆನ್ನು ಮುಚ್ಚಿದರು. ಅವಳು ಮುಗಿಸಿರಲಿಲ್ಲ.

“ಡಾಕ್ಟರ ರೂಮು ಮೇಲಿನ ಮಹಡೀಲಿ. ಇವ್ರು ಎರಡು ನಿಮಿಷಕ್ಕೆ ವಾಪಸ್ ಬಂದ್ರು. ಹೋಗಿಲ್ಲ ಅಂತ ನಂಗೆ ಗೊತ್ತಾಯ್ತು. ಕೇಳಿದ್ರೆ ಜಗಳ ಆಗುತ್ತೆ ಅಂತ ಸುಮ್ನೆ ಹೋಗಿ ಮಲಗ್ದೆ. ಅದನ್ನೂ ಬರ್ಕೊಳ್ಳಿ.”

“ಅದು ಅಪರಾಧ ಅಲ್ಲಮ್ಮ.”

“ಗೊತ್ತು. ನನ್ನ ತಂಗಿ ಎರಡು ದಿನದಿಂದ ತಾನೇ ಮಾಡಿದ್ದು ಅಂತ ಕೂತಿದ್ದಾಳೆ. ತಪ್ಪು ತನ್ನದಲ್ಲ ಅಂತ ಅವಳು ಓದ್ಲಿ.”

ಇನ್ಸ್‌ಪೆಕ್ಟರ್ ಪೆನ್ನು ತೆರೆದು, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದರು.