ಬಾಣಂತಿ ಅಳಬಾರದು

"ಅಳ್ಬೇಡ ಅಂದ್ನಲ್ಲ! ಕಣ್ಣು ಹಾಳು ಮಾಡ್ಕೋತೀಯಾ?"

ಒಂದು ಕೈಯಲ್ಲಿ ಎಳ್ಳೆಣ್ಣೆಯ ಕೋಳಿಸಾರಿನ ಬಟ್ಟಲು ಹಿಡಿದಿದ್ದ ಅತ್ತೆ ಬಿಯೂನ್, ಇನ್ನೊಂದು ಕೈಯಿಂದ ಕಣ್ಣೀರು ಒರೆಸಿದ ರಭಸಕ್ಕೆ ಸೊಸೆ ಪೈಚೆನ್‌ಗೆ ಕೆನ್ನೆ ಉರಿಯಿತು. ಹೆರಿಗೆಯಾಗಿ ಹನ್ನೊಂದೇ ದಿನ. ತಿಂಗಳು ತುಂಬುವತನಕ ಬಾಣಂತಿ ತಲೆಗೆ ನೀರು ಹಾಕಿಕೊಳ್ಳಬಾರದು, ಗಾಳಿಗೆ ಮೈಯೊಡ್ಡಬಾರದು, ಹೊಸ್ತಿಲು ದಾಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಳಬಾರದು! ಜಿಯಾಯಿ ಊರಿನ ಆ ಓಣಿಯಲ್ಲಿ ಬಿಯೂನಳಷ್ಟು ಕಟ್ಟುನಿಟ್ಟಾಗಿ ಬಾಣಂತನ ಮಾಡುವವರು ಇನ್ನೊಬ್ಬರಿರಲಿಲ್ಲ. ಅವಳ ಎಡಗಣ್ಣಿಗೆ ಪೊರೆ ಬಂದಿತ್ತು. ತನ್ನ ಬಾಣಂತನದಲ್ಲಿ ಅತ್ತದ್ದರಿಂದಲೇ ಹೀಗಾಯಿತೆಂದು ಆಣೆ ಮಾಡಿ ಹೇಳುತ್ತಿದ್ದಳು.

ಅಂದಿನಿಂದ ಪೈಚೆನ್ ಅಳಲಿಲ್ಲ. ಅಳು ನಿಂತಿತು, ನೆಮ್ಮದಿ ಮಾತ್ರ ಬರಲಿಲ್ಲ. ಕೂತರೆ ಏಳಬೇಕು, ಎದ್ದರೆ ಮಲಗಬೇಕು, ಮಲಗಿದರೆ ಎದೆ ಡವಡವ! ಮುಚ್ಚಿದ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ತೊಟ್ಟಿಲಿಗೆ... ಕಾಲು ಒಂದು ಕಡೆ ನಿಲ್ಲದು. ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದ ಮಗು, ಯಾರೋ ನೋಡಿಕೊಳ್ಳಲು ಬಿಟ್ಟುಹೋದ ಪರರ ಮಗುವಿನಂತೆ ಕಾಣುತ್ತಿತ್ತು. ಎಂಥ ತಾಯಿ ನಾನು! ಈ ಮಾತನ್ನು ಯಾರ ಮುಂದೆ ಹೇಳುವುದು? ಲಾರಿ ಓಡಿಸಿ ದಣಿದು ಬರುವ ಗಂಡ ಗುವಾಂಟಿಂಗ್ ಬಾಗಿಲಲ್ಲೇ ನಿಂತು, "ಪುಣ್ಯವಂತೆ ಕಣೇ ನೀನು, ಕೂತಲ್ಲೇ ಎಲ್ಲಾ ಬರುತ್ತೆ" ಎಂದು ನಕ್ಕು ಹೋಗುತ್ತಿದ್ದ.

ಅತ್ತೆಯಂತೂ ನೆರೆಹೊರೆಯವರ ಮುಂದೆ ಬೀಗುತ್ತಿದ್ದಳು. "ನಮ್ಮ ಸೊಸೆ ಗಟ್ಟಿಗಿತ್ತಿ! ಒಂದು ತೊಟ್ಟು ಕಣ್ಣೀರಿಲ್ಲ, ಬೇಕಾದ್ರೆ ಬಂದು ನೋಡಿ!"

ಇಪ್ಪತ್ತೇಳನೆಯ ದಿನ ಬೆಳಗ್ಗೆ. ಇನ್ನು ಮೂರು ದಿನಕ್ಕೆ ಮಗುವಿಗೆ ತಿಂಗಳು ತುಂಬಿದ ಔತಣ, ನೆಂಟರಿಗೆಲ್ಲ ಕರೆ ಹೋಗಿತ್ತು. ಪೈಚೆನ್ ಚಪ್ಪಲಿ ಮೆಟ್ಟಿ ಹೊರಬಾಗಿಲ ಚಿಲಕಕ್ಕೆ ಕೈ ಹಾಕಿದಾಗ, ಒಳಗಿನಿಂದ ಬಿಯೂನ್ ಒಂದು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಬಂದಳು.

"ಹಾಲು ಕುಡಿಸೋ ಹೊತ್ತು, ಹೊಟ್ಟೆನೋವು ಬಂದ್ರೆ ಏನು ಮಾಡ್ಬೇಕು... ಎಷ್ಟು ಅಚ್ಚುಕಟ್ಟಾಗಿ ಬರ್ದಿದೀಯೇ! ಅಲ್ಲಾ, ಇದನ್ನೆಲ್ಲ ಯಾರಿಗೆ ಬರ್ದಿಟ್ಟೆ?"

"ನಿಮ್ಗೇ ಅಮ್ಮ. ನಾನಿಲ್ದೇ ಇದ್ದಾಗ ಬೇಕಾಗುತ್ತೆ."

"ಇಲ್ದೇ ಎಲ್ಲಿಗೆ ಹೋಗ್ತೀಯಾ?"

"ಗೊತ್ತಿಲ್ಲ. ನಾನು ಹೋದ್ರೆ ಮಗೂಗೆ ಒಳ್ಳೆ ತಾಯಿ ಸಿಗ್ತಾಳೆ. ನಂಗೆ... ಬದುಕಿರೋಕೇ ಮನಸ್ಸಿಲ್ಲ ಅಮ್ಮ."

ಬಿಯೂನ್ ಕಾಗದವನ್ನು ಕೆಳಗೆ ಹಾಕಿದಳು. ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದಿಟ್ಟಿಸಿದಳು.

"ಇಂಥ ಮಾತಾಡ್ತಿದೀಯಾ, ಕಣ್ಣಲ್ಲಿ ಒಂದು ಹನಿ ನೀರಿಲ್ವಲ್ಲೇ! ಯಾಕೆ ಅಳ್ತಿಲ್ಲ ನೀನು?"

"ನೀವೇ ಬೇಡ ಅಂದ್ರಲ್ಲ..."

ಅತ್ತೆ ಗೋಡೆಗೆ ಒರಗಿದಳು. "ಅಯ್ಯೋ ದೇವ್ರೇ! ನಾನೇನು ಮಾಡ್ಬಿಟ್ಟೆ! ಅತ್ತುಬಿಡು ಮಗಳೇ... ಕಣ್ಣು ಹೋದ್ರೆ ಹೋಗ್ಲಿ. ನನ್ನದೊಂದು ಇನ್ನೂ ಚೆನ್ನಾಗಿದೆ, ಸಾಯೋ ತನಕ ಕೈ ಹಿಡ್ಕೊಂಡು ನಡೆಸ್ತೀನಿ. ನೀನಿರ್ಬೇಕು ಕಣೇ, ನೀನಿದ್ರೆ ಸಾಕು!"

ಎಷ್ಟೋ ದಿನ ತಡೆದಿಟ್ಟ ಅಳು ಒಮ್ಮೆಗೇ ಒಡೆಯಿತು. ಪೈಚೆನ್ ಹೊಸ್ತಿಲ ಮೇಲೆಯೇ ಕುಸಿದು ಬಿಕ್ಕಿದಳು. ಅವಳನ್ನು ತಬ್ಬಿಕೊಂಡೇ ಬಿಯೂನ್ ಮಗನಿಗೆ ಫೋನು ಮಾಡಿದಳು. "ಲಾರಿ ಅಲ್ಲೇ ಬಿಟ್ಟು ಬಾ. ಔತಣ ಇಲ್ಲ ಅಂತ ಎಲ್ರಿಗೂ ಹೇಳು. ಆಡ್ಕೊಳ್ಳೋರು ಆಡ್ಕೊಳ್ಳಲಿ!"

ಒಂದು ಗಂಟೆಯೊಳಗೆ ಅವರು ಆಸ್ಪತ್ರೆಯಲ್ಲಿದ್ದರು. ಹೊರಗೆ ಗುವಾಂಟಿಂಗ್ ಮಗುವನ್ನೆತ್ತಿಕೊಂಡು ಏನೂ ತೋಚದೆ ನಿಂತಿದ್ದ. ಡಾಕ್ಟರಮ್ಮ "ಏನು ತೊಂದರೆ?" ಎಂದಾಗ ಪೈಚೆನ್‌ಳ ಕಣ್ಣು ಅತ್ತೆಯತ್ತ ತಿರುಗಿತು. ಅತ್ತೆಯೇ ಬಾಯಿಬಿಟ್ಟಳು.

"ಬಾಣಂತಿ, ಡಾಕ್ಟ್ರೇ. ಇಷ್ಟು ದಿನ ನಾನೇ ಇವಳ ಬಾಯಿ ಮುಚ್ಚಿಸಿದ್ದೆ. ಈಗ ಇವಳು ಏನೇ ಹೇಳಿದ್ರೂ ಕೇಳಿ."

ಪೈಚೆನ್ ತಲೆಯೆತ್ತಲಿಲ್ಲ.

"ನನಗೆ... ನನ್ನ ಮಗು ಬೇಡ ಅನ್ಸುತ್ತೆ ಡಾಕ್ಟ್ರೇ."

ಹೇಳಿಬಿಟ್ಟಳು! ಈಗ ಅತ್ತೆ ಕೈ ಬಿಡುತ್ತಾಳೆ ಎಂದುಕೊಂಡಳು. ಬಿಯೂನ್ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, "ಹೂಂ, ಹೇಳು ಮಗಳೇ" ಎಂದಳು.