ನೀವೂ ಅಲ್ಲ, ನೀನೂ ಅಲ್ಲ

ಅವರಿಬ್ಬರ ಮೊದಲ ಜಗಳ ಶುರುವಾದದ್ದು ಬೇರೆ ಯಾರದೋ ಸಂಸಾರದ ವಿಷಯಕ್ಕೆ.

ಆ ಸಂಸಾರ ಇದ್ದದ್ದು ಪರದೆಯ ಮೇಲೆ. ಒಂದು ಉರ್ದು ಧಾರಾವಾಹಿ. ತಾಯಿಯ ಮದುವೆಯ ಗೋಳು ಮುಗಿಯಿತಪ್ಪಾ ಅನ್ನುವಷ್ಟರಲ್ಲಿ ಮಗಳ ಮದುವೆಯ ಗೋಳು ಶುರುವಾಗುವ ಕತೆ. ಅದನ್ನು ಕನ್ನಡಕ್ಕೆ ಡಬ್ ಮಾಡುವ ಸ್ಟುಡಿಯೋದಲ್ಲಿ ಮಗಳ ಪಾತ್ರಕ್ಕೂ, ಫ್ಲ್ಯಾಶ್‌ಬ್ಯಾಕಿನಲ್ಲಿ ಬರುವ ತಾಯಿಯ ಹರೆಯಕ್ಕೂ ಅವಳದೇ ದನಿ. ಬಿಕ್ಕಿ ಬಿಕ್ಕಿ ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಸೌಂಡ್ ಎಂಜಿನಿಯರ್ ಅವಳಿಗೆ ಅಳುಬುರುಕಿ ಎಂದು ಹೆಸರಿಟ್ಟಿದ್ದ. ಸಂಭಾಷಣೆ ಬರೆಯುವವನಿಗೆ ಪಂಡಿತ ಎಂದು. ಪಂಡಿತನಿಗೆ ವಯಸ್ಸೇನೂ ಆಗಿರಲಿಲ್ಲ. ಒಂದೊಂದು ಮಾತನ್ನೂ ಅಕ್ಕಸಾಲಿಗನ ಹಾಗೆ ತೂಗಿ ನೋಡುತ್ತಿದ್ದ, ಅಷ್ಟೇ.

"ಏನ್ರೀ ಇದು? ಗಂಡ ಹೆಂಡತೀನ 'ನೀವು' ಅಂತಾನೆ?" ರಿಕಾರ್ಡಿಂಗ್ ಕೋಣೆಯ ಗಾಜಿನ ಆಚೆಯಿಂದ, ಮೈಕಿನಲ್ಲೇ ಕೇಳಿದಳು ಅವಳು.

"ಅಂದ್ರೆ ತಪ್ಪೇನು?"

"ತಪ್ಪಲ್ಲ, ಸುಳ್ಳು. ನೋಡಿದೋರು ಬಿದ್ದು ಬಿದ್ದು ನಗ್ತಾರೆ."

"ಉರ್ದುನಲ್ಲಿ ಅವನು 'ತುಮ್' ಅಂತಾನೆ. 'ಆಪ್' ಅಂದ್ರೆ ನಮ್ಮ ನೀವು. 'ತೂ' ಅಂದ್ರೆ ನಮ್ಮ ನೀನು. ಈ 'ತುಮ್' ಎರಡರ ಮಧ್ಯೆ. ಅದಕ್ಕೆ ನಮ್ಮಲ್ಲಿ ಮಾತೇ ಇಲ್ಲ. ನಾನೇನು ಮಾಡ್ಲಿ?"

"ಅದಕ್ಕೇ ಇಷ್ಟೊಂದು ಮರ್ಯಾದೆ ಸುರಿದುಬಿಟ್ರಾ?"

"ಇನ್ನೊಂದು ತಾಪತ್ರಯ ಇದೆ. 'ತುಮ್' ಅಂದಾಗ ತುಟಿ ಮುಚ್ಚುತ್ತೆ. ನೀನು ಅಂದ್ರೂ ನೀವು ಅಂದ್ರೂ ಬಾಯಿ ತೆರೆದೇ ಇರುತ್ತೆ."

"ಹಾಗಾದ್ರೆ ಸದ್ಯಕ್ಕೆ ನೀವೇ ಮುಚ್ಚಿ" ಅಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಸೌಂಡ್ ಎಂಜಿನಿಯರ್ ನಗು ತಡೆಯಲಾರದೆ ಮೇಜಿನ ಕೆಳಗೆ ಏನನ್ನೋ ಹುಡುಕುವವನ ಹಾಗೆ ಬಗ್ಗಿದ. ಪಂಡಿತನ ಕಿವಿ ಕೆಂಪಾಯಿತು. ಆ ಕೆಂಪು ಅವಳಿಗೆ ಗಾಜಿನ ಈಚೆಗೂ ಚೆನ್ನಾಗಿ ಕಂಡಿತು.

ಮಾರನೆಯ ದಿನ ಅವನು ಇಡೀ ದೃಶ್ಯವನ್ನು ಹೊಸದಾಗಿ ಬರೆದು ತಂದಿದ್ದ. ಅದರಲ್ಲಿ ನೀನೂ ಇರಲಿಲ್ಲ, ನೀವೂ ಇರಲಿಲ್ಲ. 'ಊಟ ಆಯ್ತಾ? ಎಲ್ಲಿಗೆ ಹೊರಟಿದ್ದು? ಯಾಕೆ, ಮಾತಾಡೋದಿಲ್ವಾ?' ಓದುತ್ತಾ ಓದುತ್ತಾ ಅವಳಿಗೆ ನಗು ಬಂತು. ಹೌದಲ್ಲ! ಕನ್ನಡದವರು ಇದನ್ನು ಯಾವತ್ತೋ ಕಂಡುಕೊಂಡಿದ್ದಾರೆ. ಹೊಸದಾಗಿ ಮದುವೆಯಾದವರು, ವಯಸ್ಸು ಗೊತ್ತಾಗದ ನೆಂಟರು, ಮುನಿಸಿಕೊಂಡು ಅರ್ಧ ರಾಜಿಯಾದವರು, ಎಲ್ಲರೂ ಹೀಗೇ ನುಣುಚಿಕೊಳ್ಳುವವರೇ.

"ಘಾಟಿ ಇದ್ದೀರಿ" ಅಂದಳು.

"ಅದನ್ನೂ ಹಾಗೇ ಹೇಳಬಹುದು."

"ಹೇಗೆ?"

"'ಘಾಟಿ ಅಂತ ಕಾಣುತ್ತೆ.'"

ಅಂಟುರೋಗದ ಹಾಗೆ ಅದು ಅವರಿಬ್ಬರಿಗೂ ಹತ್ತಿತು. "ಕಾಫಿ ಆಯ್ತಾ?" "ಆಯ್ತು. ಅಲ್ಲಿ?" "ಅಲ್ಲಿ ಆಗದೆ ಇಲ್ಲಿ ಆಗುತ್ತಾ?" ರಿಕಾರ್ಡಿಂಗಿನ ನಡುವೆ ಅವನು ಟಾಕ್‌ಬ್ಯಾಕ್ ಗುಂಡಿ ಒತ್ತಿ, "ಹಸಿರು ಬಣ್ಣ ಚೆನ್ನಾಗಿದೆ" ಅನ್ನುತ್ತಿದ್ದ. ಹೆಡ್‌ಫೋನಿನಲ್ಲಿ ಆ ದನಿ ನೇರವಾಗಿ ಕಿವಿಯೊಳಗೇ ಬರುತ್ತಿತ್ತು. "ಬಣ್ಣ ಮಾತ್ರಾನಾ?" ಎಂದು ಅವಳು ತಲೆಯೆತ್ತಿ ನೋಡಿದರೆ, ಮಹಾನುಭಾವ ಹಾಳೆಯ ಮೇಲೆ ಬಗ್ಗಿ ಎಲ್ಲೂ ಇಲ್ಲದ ತಪ್ಪು ತಿದ್ದುತ್ತಿದ್ದ.

ಅವಳಿಗೆ ಆ ಸ್ಟುಡಿಯೋದ ಮೆಟ್ಟಿಲು ಹತ್ತುವಾಗಲೇ ಎದೆ ಹಗುರಾಗುತ್ತಿತ್ತು. ಇಳಿಯುವಾಗ ಅಷ್ಟೇ ಭಾರ.

ಯಾಕೆಂದರೆ ಅವಳಿಗೊಬ್ಬ ಗಂಡನಿದ್ದ. ಅವನನ್ನು ಬಿಟ್ಟು ಬಂದು ಅಮ್ಮನ ಮನೆಯಲ್ಲಿದ್ದಳು. ಹೊಡೆದವನಲ್ಲ, ಬೈದವನಲ್ಲ, ಅವಳನ್ನು ಮಾತಾಡಿಸಿದವನೂ ಅಲ್ಲ. ಏನಾದರೂ ಬೇಕಾದಾಗ ಚಿಟಿಕೆ ಹೊಡೆಯುತ್ತಿದ್ದ. ಚಿಟಿಕೆ, ಆಮೇಲೆ "ಕೇಳಿಸ್ತಾ?" ಇದನ್ನು ತಪ್ಪು ಎಂದು ಯಾರಿಗೆ ವಿವರಿಸುವುದು? ಒಂದು ದಿನ ಕೇಳಿಸಲಿಲ್ಲ ಎಂದುಕೊಂಡೇ ಬ್ಯಾಗು ತುಂಬಿಕೊಂಡು ಬಂದಿದ್ದಳು.

ಪಂಡಿತನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಅವನ ಮಾತುಗಳು ಆ ನಡುವಿನ ಜಾಗದಲ್ಲಿ ನಿಂತಿದ್ದವು.

ಅಮ್ಮ ಸಂಜೆ ಆ ಧಾರಾವಾಹಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಪರದೆಯ ಮೇಲಿನ ತಾಯಿ ಅತ್ತರೆ ತಾನೂ ಅಳುತ್ತಿದ್ದಳು.

"ಅಮ್ಮಾ, ಅಳ್ತಿರೋದು ನಾನು. ಪಕ್ಕದಲ್ಲೇ ಕೂತಿದೀನಲ್ಲ."

"ನೀನು ಸುಮ್ನಿರು. ಪಾಪ, ಎಷ್ಟು ಸಹಿಸ್ಕೊಂಡಿದಾಳೆ ನೋಡು." ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮಪ್ಪ ಇರೋತನಕ ನನ್ನನ್ನ ಹೆಸರು ಹಿಡಿದು ಕರೀಲಿಲ್ಲ. 'ಅನ್ನ ಆಯ್ತಾ, ಬಟ್ಟೆ ಒಣಗ್ತಾ' ಅಷ್ಟೇ. ನಾನು ಬಾಳಲಿಲ್ವಾ?" ಅಂದಳು.

ಅವಳು ಬೆಚ್ಚಿಬಿದ್ದಳು. ತಾನು ಇಡೀ ದಿನ ಆಡಿ, ಆಡಿಸಿಕೊಂಡು, ಖುಷಿಪಟ್ಟು ಬರುವ ಮಾತುಗಳೂ ಇವೇ ಅಲ್ಲವೇ? ಅಪ್ಪನ ಬಾಯಲ್ಲಿ ಒಣಗಿದ್ದ ಮಾತು ಪಂಡಿತನ ಬಾಯಲ್ಲಿ ಹೇಗೆ ಅಷ್ಟು ತಂಪಾಯಿತು? ಒಂದು ವೇಳೆ ಅವನೂ ಎಂದೆಂದಿಗೂ ಹಾಗೇ ಇದ್ದುಬಿಟ್ಟರೆ?

ಅಷ್ಟರಲ್ಲಿ ಅವಳ ತಂಗಿಗೆ ಗಂಡು ಗೊತ್ತಾಯಿತು. ತಂಗಿಯೆಂದರೆ ಹುಡುಗನಿಗೆ ಪ್ರಾಣ. ಅವನ ಮನೆಯವರು ಮಾತ್ರ, "ಅಕ್ಕ ಯಾಕೆ ಇಲ್ಲೇ ಇದ್ದಾರೆ?" ಎಂದು ಬಹಳ ನಯವಾಗಿ ಕೇಳಿ ಹೋದರು. ತಂಗಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಳುವುದೇ ಕಸುಬಾದವಳಿಗೆ ನೀರಿನ ಸದ್ದಿನಲ್ಲಿ ಅಳು ಗುರುತಿಸುವುದು ಕಷ್ಟವೇ?

"ಅಳಿಯಂದಿರಿಗೆ ಫೋನ್ ಮಾಡಿಸಿದೀನಿ" ಅಂದಳು ಅಮ್ಮ, ಅವಳ ಮುಖ ನೋಡದೆ. "ಭಾನುವಾರ ಬರ್ತಾರಂತೆ. ನಿನಗೆ ಕೈ ಮುಗೀತೀನಿ ಮಗಳೇ, ಅವಳ ಬಾಳಾದ್ರೂ ನೆಟ್ಟಗಾಗ್ಲಿ."

ಅವಳು ಮನಸ್ಸಿನಲ್ಲಿ ಒಂದೇ ಒಂದು ಲೆಕ್ಕ ಇಟ್ಟುಕೊಂಡಳು. ಪಂಡಿತ ಒಂದು ಸಲ, ಒಂದೇ ಸಲ, 'ಹೋಗಬೇಡ' ಅಂದರೆ ಸಾಕು. ಅಮ್ಮನ ಕಾಲಿಗೆ ಬೀಳುತ್ತೇನೆ, ತಂಗಿಯ ಮಾವನ ಮನೆಯವರ ಕಾಲಿಗೂ ಬೀಳುತ್ತೇನೆ. ಹೋಗುವುದಿಲ್ಲ.

ಕೊನೆಯ ಕಂತುಗಳ ರಿಕಾರ್ಡಿಂಗ್. ಫ್ಲ್ಯಾಶ್‌ಬ್ಯಾಕಿನ ದೃಶ್ಯ. ಹರೆಯದ ತಾಯಿ ಪೆಟ್ಟಿಗೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾಳೆ. ಅವಳು ಪ್ರೀತಿಸಿದವನು ಬಾಗಿಲ ಹಿಂದೆ. ಮುಖ ಕಾಣಿಸುವುದಿಲ್ಲ, ಒಂದೇ ಮಾತು ಕೇಳಿಸುತ್ತದೆ. ಅದಕ್ಕೆ ಅವಳ ಉತ್ತರ.

"ಗಂಡಸಿನ ದನಿಗೆ ಇನ್ನೂ ಯಾರೂ ಸಿಕ್ಕಿಲ್ಲ" ಅಂದ ಸೌಂಡ್ ಎಂಜಿನಿಯರ್. "ಅಳುಬುರುಕಿ, ನಿಮ್ಮ ಮಾತು ಹೇಳಿ ಹೋಗಿಬಿಡಿ. ಆಮೇಲೆ ಸೇರಿಸ್ಕೊಳ್ತೀನಿ."

"ಅವನು ಏನಂತಾನೆ ಇಲ್ಲಿ?" ಎಂದು ಅವಳು ಪಂಡಿತನನ್ನೇ ಕೇಳಿದಳು.

"'ಹೋಗೋದು ಬೇಡ' ಅಂತ ಬರೆದಿದೀನಿ."

"ಯಾರು ಹೋಗೋದು? ಯಾರಿಗೆ ಬೇಡ?"

"ಅರ್ಥ ಆಗುತ್ತಲ್ಲ."

"ಆಗಲ್ಲ." ಅವಳು ಮೈಕಿನ ಹತ್ತಿರಕ್ಕೆ ಬಗ್ಗಿದಳು. "ಮುಖ ಕಾಣಿಸಲ್ಲ ತಾನೆ? ತುಟಿ ಕೂಡಿಸೋ ತಾಪತ್ರಯ ಇಲ್ಲ. ಬಾಯಿಬಿಟ್ಟು ಏನು ಬೇಕಾದ್ರೂ ಅನ್ನಬಹುದು."

ಗಾಜಿನ ಆಚೆ ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಸೌಂಡ್ ಎಂಜಿನಿಯರ್ ಇಬ್ಬರನ್ನೂ ನೋಡಿ, ಕೆಮ್ಮಿ, "ರೋಲಿಂಗ್" ಅಂದ.

ಎದುರಿಗೆ ಯಾವ ದನಿಯೂ ಇಲ್ಲದ ಮೌನಕ್ಕೆ ಅವಳು ಉತ್ತರ ಕೊಟ್ಟಳು. "ಇದನ್ನ ಮೊದಲೇ ಹೇಳಬಾರದಿತ್ತಾ?"

"ಓಕೆ. ಅಳು ಬೇಡ ಅಂತ ಬರೆದಿತ್ತು. ಇರ್ಲಿ, ಚೆನ್ನಾಗಿದೆ" ಅಂದ ಸೌಂಡ್ ಎಂಜಿನಿಯರ್.

ಮೆಟ್ಟಿಲ ತುದಿಯವರೆಗೂ ಪಂಡಿತ ಬಂದ.

"ಭಾನುವಾರ ಹೊರಡೋದು" ಅಂದಳು.

"ಹೋಗಲೇಬೇಕಾ?"

"ಬೇಡ ಅಂತ ಯಾರೂ ಅಂದಿಲ್ಲ."

ಅವನು ತಲೆಯೆತ್ತಿ ನೋಡಿದ. ಅಷ್ಟು ತಿಂಗಳಲ್ಲಿ ಗಾಜಿಲ್ಲದೆ, ಹಾಳೆಯ ಮರೆಯಿಲ್ಲದೆ, ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಪ್ರೀತಿ ಇತ್ತು ಅದರಲ್ಲಿ, ಕುರುಡರಿಗೂ ಕಾಣುವಷ್ಟು. ತುಟಿ ಅಲುಗಿತು. ಅವಳು ಉಸಿರು ಹಿಡಿದು ನಿಂತಳು. ಆದರೆ ಇನ್ನೊಬ್ಬನ ಹೆಂಡತಿಯನ್ನು ತಡೆಯಲು ತಾನು ಯಾರು ಎಂಬ ತೂಕ ಅವನ ತಕ್ಕಡಿಯಲ್ಲಿ ಕೆಳಗೆ ಜಗ್ಗಿತು.

"ಹೋಗಿ ಬನ್ನಿ" ಅಂದ.

ಬನ್ನಿ! ಎಷ್ಟು ತಿಂಗಳಾಗಿತ್ತು ಆ ಮರ್ಯಾದೆ ಕೇಳಿ. ಅವಳು ತಲೆಯಾಡಿಸಿ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದಳು.

ತಂಗಿಯ ಮದುವೆ ಸಾಂಗವಾಗಿ ಆಯಿತು. ಎಲ್ಲರಿಗೂ ಸಂತೋಷ.

ಗಂಡನ ಮನೆಯ ಹಾಲ್‌ನಲ್ಲಿ ಒಂದು ಸಂಜೆ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅತ್ತೆ ಟಿವಿ ಹಾಕಿದ್ದರು. ಪೆಟ್ಟಿಗೆ, ಹೊಸ್ತಿಲು, ಮುಚ್ಚಿದ ಬಾಗಿಲು. ಅವಳು ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೊನೆಗೆ ಯಾವ ಆರ್ಟಿಸ್ಟ್ ಸಿಕ್ಕನೋ, ನೋಡೋಣ ಎಂದುಕೊಂಡಳು.

ಬಾಗಿಲ ಹಿಂದಿನಿಂದ ದನಿ ಬಂತು. ಆರ್ಟಿಸ್ಟಿನದಲ್ಲ. ಮೈಕಿಗೆ ಪಳಗದ, ಹೆಡ್‌ಫೋನಿನಲ್ಲಿ ಅವಳ ಕಿವಿಯೊಳಗೆ ಎಷ್ಟೋ ದಿನ ಇದ್ದ ದನಿ.

"ನೀನು ಹೋಗಬೇಡ."

ಪರದೆಯ ಮೇಲಿನ ಹೆಣ್ಣು ತಿರುಗಿದಳು. ಅವಳದೇ ದನಿ, ಅವಳದೇ ಅಳು, ಅವನಿಗೆ ಉತ್ತರ ಕೊಟ್ಟಿತು. "ಇದನ್ನ ಮೊದಲೇ ಹೇಳಬಾರದಿತ್ತಾ?"

"ನಿಂದೇ ದನಿ ಅಲ್ವೇನೇ ಅದು?" ಅತ್ತೆ ಕೇಳಿದರು. "ಆ ಗಂಡಸು ಯಾರು? ಮುಖಾನೇ ತೋರಿಸಲಿಲ್ಲ."

"ಗೊತ್ತಿಲ್ಲ ಅತ್ತೆ."

ಒಳಗಿನಿಂದ ಚಿಟಿಕೆಯ ಸದ್ದು ಬಂತು.

"ಕೇಳಿಸ್ತಾ? ಊಟ ಆಗಿಲ್ವಾ ಇನ್ನೂ?"

"ಕೇಳಿಸ್ತು" ಅಂದಳು. ಅಂಗಿಯ ತೋಳುಗಳನ್ನು ಸರಿಯಾಗಿ ಮಡಿಸಿ, ಬಟ್ಟೆಯ ರಾಶಿಯ ಮೇಲಿಟ್ಟು, ಬಡಿಸಲು ಎದ್ದಳು.